ಅಪ್ಪಂಗೆ 72, ಕುಡಿತ ಅಂತ ಬರೆಸಿದ್ರೆ ಆಯುಷ್ಮಾನ್ ಕಾರ್ಡ್ ರಿಜೆಕ್ಟ್ ಆಗುತ್ತಾ?

ನೀವು ಕೇಳಿರೋದು ಎರಡು. ಅಪ್ಪನ್ನ ಆಯುಷ್ಮಾನ್ ಕಾರ್ಡಲ್ಲಿ ರಿಹ್ಯಾಬ್‌ಗೆ, ಅಂದ್ರೆ ಕುಡಿತ ಬಿಡಿಸೋ ಕೇಂದ್ರಕ್ಕೆ ಸೇರಿಸಬಹುದಾ, ಮತ್ತೆ ಕೇಸ್ ಶೀಟಲ್ಲಿ ಕುಡಿತ ಅಂತ ಬಂದ್ರೆ ರಿಜೆಕ್ಟ್ ಮಾಡ್ತಾರಾ, ಮಾಡೋದಾದ್ರೆ ಹೇಳದೇ ಇರೋದು ಒಳ್ಳೇದಾ ಅಂತ. ಆ ಕೊನೇದನ್ನ ಓದಿ ನಂಗೆ ಹೊಟ್ಟೆಲಿ ಚುರ್ ಅಂತು, ಯಾಕಂದ್ರೆ ನಾನು ಹೇಳದೇ ಇದ್ದೋನು.

2019ರ ಡಿಸೆಂಬರ್. ನಮ್ದು ಮದ್ದೂರು ಕಡೆ ಹಳ್ಳಿ, ನಾನು ಮೈಸೂರಲ್ಲಿ ಕೆಲಸ. ಕಬ್ಬು ಕಟಾವು ನಡೀತಿತ್ತು, ಅಪ್ಪಂಗೆ ಆಗ 69, ಗದ್ದೇಲಿ ಕಾಲಿಗೆ ಮಚ್ಚು ತಗುಲಿ ಗಾಯ ಆಗಿದ್ದನ್ನ ಯಾರಿಗೂ ಹೇಳದೆ ಅರಿಶಿನ ಮೆತ್ಕೊಂಡು ಓಡಾಡಿದಾರೆ, ವಾರಕ್ಕೆ ಮಂಡಿವರೆಗೂ ಊದಿ ಕೆಂಪಗಾಯ್ತು. ತಾಲೂಕು ಆಸ್ಪತ್ರೆಗೆ ಕರ್ಕೊಂಡು ಹೋದೆ, ಅಲ್ಲಿಂದ ರೆಫರಲ್ ಬರೆಸ್ಕೊಂಡು ಮೈಸೂರಿನ ಒಂದು ಪ್ರೈವೇಟ್ ಆಸ್ಪತ್ರೆಗೆ ಬಂದ್ವಿ. ಈ ರೆಫರಲ್ ವಿಷ್ಯ ನೆನಪಿಟ್ಕೊಳ್ಳಿ, ಎಮರ್ಜೆನ್ಸಿ ಬಿಟ್ರೆ ನಮ್ಮ ಕಾರ್ಡಲ್ಲಿ ಸರ್ಕಾರಿ ಆಸ್ಪತ್ರೆ ಚೀಟಿ ಇಲ್ದೆ ಪ್ರೈವೇಟಲ್ಲಿ ನಡಿಯಲ್ಲ.

ಅಪ್ಪ ಕುಡೀತಿದ್ದಿದ್ದು ಇವತ್ತು ನಿನ್ನೇದಲ್ಲ. ಸಾರಾಯಿ ಪ್ಯಾಕೆಟ್ ಕಾಲದಿಂದ. 2007ರಲ್ಲಿ ಸರ್ಕಾರ ಸಾರಾಯಿ ನಿಲ್ಲಿಸಿದಾಗ ಅವ್ವ ದೇವ್ರಿಗೆ ತುಪ್ಪದ ದೀಪ ಹಚ್ಚಿದ್ಲು, ಅಪ್ಪ ಒಂದು ವಾರ ಮುಖ ಊದಿಸ್ಕೊಂಡಿದ್ದು ಆಮೇಲೆ ಬ್ರಾಂದಿ ಅಂಗಡಿ ಕಡೆ ತಿರುಗಿದ್ರು. ಅಷ್ಟೇ ವ್ಯತ್ಯಾಸ. ಬರ್ತಾ ಬರ್ತಾ ಬೆಳಿಗ್ಗೆ ಎದ್ದ ತಕ್ಷಣ ಒಂದು ನೈಂಟಿ ಬೇಕು, ಇಲ್ಲಾಂದ್ರೆ ಕಾಫಿ ಲೋಟ ನೆಟ್ಟಗೆ ಹಿಡಿಯೋಕಾಗ್ತಿರ್ಲಿಲ್ಲ. ಆದ್ರೂ ಬೀದೀಲಿ ಬಿದ್ದೋರಲ್ಲ, ಹೆಂಡ್ತಿ ಮಕ್ಕಳ ಮೇಲೆ ಕೈ ಮಾಡಿದೋರಲ್ಲ, ಹಂಗಾಗಿ ನಮ್ಮ ಲೆಕ್ಕದಲ್ಲಿ ಅದು ಕಾಯಿಲೆನೇ ಅಲ್ಲ, 'ಸ್ವಲ್ಪ ತಗೋತಾರೆ' ಅಷ್ಟೇ.

ಅಡ್ಮಿಷನ್ ಟೈಮಲ್ಲಿ ಭಾವಂಗೆ ಫೋನ್ ಮಾಡ್ದೆ. ಅವ್ರು ಮೆಡಿಕ್ಲೇಮ್ ಪಾಲಿಸಿ ಮಾಡಿಸೋ ಏಜೆಂಟು. 'ನೋಡು, ಡ್ರಿಂಕ್ಸ್ ವಿಷ್ಯ ಮಾತ್ರ ಬಾಯಿ ಬಿಡಬೇಡ, ಫೈಲಲ್ಲಿ ಆಲ್ಕೋಹಾಲ್ ಅಂತ ಒಂದು ಪದ ಬಂತು ಅಂದ್ರೆ ಪೂರ್ತಿ ಬಿಲ್ ನಿನ್ನ ತಲೆ ಮೇಲೆ' ಅಂದ್ರು. ಅವ್ರು ಸುಳ್ಳು ಹೇಳ್ಲಿಲ್ಲ. ಪ್ರೈವೇಟ್ ಪಾಲಿಸಿಗಳಲ್ಲಿ ಏನೇನಕ್ಕೆ ದುಡ್ಡು ಕೊಡಲ್ಲ ಅಂತ ಐಆರ್‌ಡಿಎಐ (ವಿಮಾ ಕಂಪನಿಗಳ ಮೇಲಿರೋ ನಿಯಂತ್ರಣ ಸಂಸ್ಥೆ) ಗೊತ್ತು ಮಾಡಿರೋ ಪಟ್ಟಿ ಇದೆ, ಅದ್ರಲ್ಲಿ 12ನೇದೇ ಕುಡಿತ, ಡ್ರಗ್ಸ್ ಇತ್ಯಾದಿ ಚಟದ ಟ್ರೀಟ್‌ಮೆಂಟು, ಅದ್ರಿಂದ ಆಗೋ ತೊಂದ್ರೆನೂ ಸೇರಿ. (ತಮಾಷೆ ಏನಂದ್ರೆ 2017ರ ಮಾನಸಿಕ ಆರೋಗ್ಯ ಕಾಯ್ದೆ ಕುಡಿತದಿಂದ ಬರೋ ಮನಸ್ಸಿನ ತೊಂದ್ರೆನೂ ಕಾಯಿಲೆನೇ ಅನ್ನುತ್ತೆ, ಮೈ ಕಾಯಿಲೆಗೆ ಕೊಟ್ಟಂಗೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡ್ಬೇಕು ಅಂತನೂ ಹೇಳುತ್ತೆ. ಇಬ್ರೂ ಒಂದ್ಸಲ ಕೂತು ಮಾತಾಡಿದ್ರೆ ಚೆನ್ನಾಗಿರುತ್ತೆ.) ಭಾವ ಹೇಳಿದ್ದು ಅವ್ರು ಮಾರೋ ಪಾಲಿಸಿಗೆ. ನನ್ನ ಕೈಲಿದ್ದಿದ್ದು ಬಿಪಿಎಲ್ ರೇಷನ್ ಕಾರ್ಡು, ಅದ್ರ ಮೇಲೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ. ಎರಡೂ ಬೇರೆ ಬೇರೆ ಅಂತ ನಂಗೆ ಹೊಳೀಲೇ ಇಲ್ಲ. ಕೌಂಟರಲ್ಲಿ ಆರೋಗ್ಯಮಿತ್ರ ಅಂತ ಬೋರ್ಡ್ ಹಾಕ್ಕೊಂಡು ಒಬ್ಬ ಹುಡುಗ ಕೂತಿದ್ದ, ಇಂಥದ್ದನ್ನ ಕೇಳೋಕೆ ಅಂತಲೇ ಕೂರಿಸಿರ್ತಾರೆ, ಅವನನ್ನ ಒಂದು ಮಾತು ಕೇಳಿದ್ರೆ ಮುಗೀತಿತ್ತು.

ಡ್ಯೂಟಿ ಡಾಕ್ಟ್ರು, ಚಿಕ್ಕ ವಯಸ್ಸಿನ ಹುಡುಗಿ, ಬರ್ಕೊಳ್ತಾ ಬರ್ಕೊಳ್ತಾ 'ಹ್ಯಾಬಿಟ್ಸ್ ಏನಾದ್ರೂ ಇದ್ಯಾ ಯಜಮಾನ್ರಿಗೆ' ಅಂದ್ರು. 'ಇಲ್ಲ ಮೇಡಂ, ಎಲೆ ಅಡಿಕೆ ಅಷ್ಟೇ' ಅಂದೆ. ಅಪ್ಪ ನನ್ನ ಮುಖ ನೋಡಿದ್ರು. ಅವತ್ತು ಗುರುವಾರ, ಬೆಳಿಗ್ಗೆ ಹಾಕ್ಕೊಂಡೇ ಬಸ್ ಹತ್ತಿದ್ರು. ಮಗ ಮರ್ಯಾದೆ ಉಳಿಸ್ದ ಅಂದ್ಕೊಂಡ್ರೋ ಏನೋ, ಸುಮ್ನಾದ್ರು.

ಈಗ ನಾನು ಇದನ್ನ ಸ್ವಲ್ಪ ಉದ್ದ ಹೇಳ್ತೀನಿ, ಬೇಜಾರಾಗ್ಬೇಡಿ, ನೀವು ಓದ್ಬೇಕಾಗಿರೋದು ಇದೊಂದೇ. ದಿನಾ ಕುಡಿಯೋರ ಮೆದುಳು ಆ ಭಾರಕ್ಕೆ ಒಗ್ಗಿರುತ್ತೆ. ಏರಿ ಮೇಲೆ ಕಬ್ಬಿನ ಗಾಡಿ ಎಳೀತಿರೋ ಎತ್ತು ಪೂರ್ತಿ ಬಲ ಬಿಟ್ಟು ಮುಂದಕ್ಕೆ ಬಾಗಿರುತ್ತಲ್ಲ, ಆಗ ಯಾರೋ ನೊಗ ಕಳಚಿಬಿಟ್ರೆ ಎತ್ತು ಹಂಗೇ ಮುಗ್ಗರಿಸುತ್ತೆ. ಕುಡಿತ ಸಡನ್ನಾಗಿ ನಿಂತಾಗ ಆಗೋದು ಅದೇ. ಮೊದಲ ದಿನ ಕೈ ನಡುಕ, ಬೆವರು, ನಿದ್ದೆ ಇಲ್ಲ. ಎರಡು ದಿನದೊಳಗೆ ಕೆಲವ್ರಿಗೆ ಫಿಟ್ಸ್ ಬರುತ್ತೆ. ಎರಡರಿಂದ ನಾಲ್ಕು ದಿನದ ನಡುವೆ ಕೆಲವ್ರಿಗೆ ಬುದ್ಧಿಭ್ರಮೆ, ಇಲ್ಲದ್ದು ಕಾಣೋದು, ಜ್ವರ, ಎದೆ ಬಡಿತ, ಇದಕ್ಕೆ ಡಾಕ್ಟ್ರುಗಳು ಡಿಟಿ ಅಂತಾರೆ, ನೋಡ್ಕೊಳ್ಳದೇ ಇದ್ರೆ ಪ್ರಾಣನೇ ಹೋಗಬಹುದು, ಅದೂ ವಯಸ್ಸಾದೋರಿಗೆ ಹೆಚ್ಚು. ಮೊದ್ಲೇ ಗೊತ್ತಿದ್ರೆ ನಡುಕ ತಡಿಯೋ ಮಾತ್ರೆ ಶುರು ಮಾಡಿ ದಿನದಿಂದ ದಿನಕ್ಕೆ ಕಮ್ಮಿ ಮಾಡ್ತಾರೆ, ಜೊತೆಗೆ ಬಿ1 ವಿಟಮಿನ್ ಇಂಜೆಕ್ಷನ್. ಕುಡಿಯೋರಿಗೆ ಬಿ1 ಕೊಡದೆ ಬರೀ ಗ್ಲೂಕೋಸ್ ಏರಿಸಿದ್ರೆ ಮೆದುಳಿಗೇ ಪೆಟ್ಟಾಗಬಹುದು. ಇಷ್ಟಕ್ಕೂ ಆ ಮೇಡಂಗೆ ಬೇಕಾಗಿದ್ದಿದ್ದು ನನ್ನ ಬಾಯಿಂದ ಒಂದು 'ಹೂಂ'.

ಶುಕ್ರವಾರ ಕೈ ನಡುಗ್ತಿತ್ತು, ನರ್ಸು ಚಳಿ ಜ್ವರ ಅಂದ್ಕೊಂಡು ಕಂಬಳಿ ಕೊಟ್ರು. ನಂಗೆ ಗೊತ್ತು ಯಾಕೆ ಅಂತ, ಆದ್ರೂ ಹೇಳ್ಲಿಲ್ಲ, ಒಂದ್ಸಲ ಇಲ್ಲ ಅಂದ್ಮೇಲೆ ಈಗ ಹೌದು ಅನ್ನೋದು ಹೆಂಗೆ ಅನ್ನೋ ಸಂಕೋಚ. ಶನಿವಾರ ಸಂಜೆಯಿಂದ ಬೆಡ್‌ಶೀಟ್ ಮೇಲೆ ಇರುವೆ ಹೆಕ್ತಾ ಕೂತ್ರು. ರಾತ್ರಿ ಹನ್ನೊಂದರ ಮೇಲೆ 'ನಾಲೆ ನೀರ್ ಬುಟ್ಟವ್ರೆ ಕಣ್ಲಾ, ಮಡೆ ತಿರುಗಿಸ್ಬೇಕು, ಎದ್ದೇಳ್ಲಾ' ಅಂತ ಶುರು. ವಿ.ಸಿ. ನಾಲೆ ನೀರಿಗೆ ರಾತ್ರಿ ಎಲ್ಲಾ ಕಾದು ಕೂರ್ತಿದ್ದ ಮನುಷ್ಯ, ಆ ವಾರ್ಡೇ ಅವ್ರಿಗೆ ಗದ್ದೆ ಆಗೋಗಿತ್ತು. ನಾನು ನರ್ಸ್ ಕರಿಯೋಕೆ ಅಂತ ಎದ್ದು ಹತ್ತು ಹೆಜ್ಜೆ ಹೋಗಿರ್ಬೇಕು, ಡ್ರಿಪ್ ಕಿತ್ತಾಕಿ ಮಂಚದ ಕಂಬಿ ಹತ್ತಿ ಇಳಿಯೋಕೆ ಹೋಗಿದಾರೆ, ಧಪ್ ಅಂತ ಸದ್ದು. ಸೊಂಟದ ಹತ್ರ ತೊಡೆ ಮೂಳೆ ಮುರೀತು.

ಆ ಮೇಡಂ ಓಡಿ ಬಂದ್ರು, ಅಪ್ಪನ ಕಣ್ಣು, ಕೈ, ಬೆವರು ನೋಡಿದ್ರು, ಆಮೇಲೆ ನನ್ನ ಕಡೆ ತಿರುಗಿ ಬೈಯ್ಲೂ ಇಲ್ಲ, 'ಎಷ್ಟು ವರ್ಷದಿಂದ ಕುಡೀತಾರೆ' ಅಂತಷ್ಟೇ ಕೇಳಿದ್ರು. ಬೈದಿದ್ರೆ ವಾಸಿ ಇತ್ತು.

ಆ ಸ್ಥಿತೀಲಿ ಆಪರೇಷನ್ ಮಾಡೋಕಾಗಲ್ಲ ಅಂತ ಐದು ದಿನ ಕಾದ್ವಿ, ಕೈ ಕಾಲು ಕಟ್ಟಿ ಮಲಗಿಸಿದ್ದನ್ನ ಅವ್ವ ಬಂದು ನೋಡಿದ್ಲು. ಈಗ ಕಾರ್ಡ್ ವಿಷ್ಯ ಕೇಳಿ. ಫೈಲ್ ತುಂಬಾ ಆಲ್ಕೋಹಾಲ್ ಅಂತ ಬರ್ದಿತ್ತು, ಆದ್ರೂ ಮೂಳೆ ಆಪರೇಷನ್ನಿಗೆ ಅಪ್ರೂವಲ್ ಬಂತು, ಕಾರ್ಡಲ್ಲೇ ಆಯ್ತು. ಯಾವುದನ್ನ ಉಳಿಸೋಕೆ ಸುಳ್ಳು ಹೇಳಿದ್ನೋ ಅದಕ್ಕೆ ಏನೂ ಆಗಿರ್ಲಿಲ್ಲ. ಅಪ್ಪ ಅವತ್ತಿಂದ ವಾಕರಲ್ಲಿ.

ನಿಮ್ಮ ಮೊದಲ ಪ್ರಶ್ನೆಗೆ ಬರ್ತೀನಿ. ಈ ಕಾರ್ಡು ಆಸ್ಪತ್ರೆ ಮಂಚದ ಮೇಲೆ ಮಲಗಿದಾಗ ಮಾತ್ರ ನಡಿಯೋದು. ಓಪಿಡಿ ಇಲ್ಲ. ತಿಂಗಳುಗಟ್ಟಲೆ ಇಟ್ಕೊಳ್ಳೋ ರಿಹ್ಯಾಬ್ ಇಲ್ಲ, ಡ್ರಗ್ ರಿಹ್ಯಾಬ್ ಅನ್ನೋದು ಆಯುಷ್ಮಾನ್‌ನಲ್ಲಿ ಕೊಡದೇ ಇರೋ ಪಟ್ಟಿಲೇ ಇದೆ. ಆದ್ರೆ ಆಯುಷ್ಮಾನ್ ಪ್ಯಾಕೇಜ್ ಪಟ್ಟಿಲಿ ಮಾನಸಿಕ ಕಾಯಿಲೆ ವಿಭಾಗದಲ್ಲಿ ಅಮಲು ಪದಾರ್ಥದಿಂದ ಆಗೋ ತೊಂದ್ರೆಗೆ ಅಡ್ಮಿಟ್ ಆಗೋದು ಇದೆ. ಅಂದ್ರೆ ಕುಡಿತ ನಿಲ್ಲಿಸೋ ಆ ಮೊದಲ ಅಪಾಯದ ದಿನಗಳಿಗೆ ದಾರಿ ಇದೆ, ಆಮೇಲಿನ ಮೂರು ತಿಂಗಳಿಗೆ ಇಲ್ಲ. ಬಿಪಿಎಲ್ ಆದ್ರೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಎಪಿಎಲ್ ಆದ್ರೆ ನಮ್ಮ ರಾಜ್ಯದಲ್ಲಿ ಪ್ಯಾಕೇಜ್ ರೇಟಿನ 30 ಪರ್ಸೆಂಟ್ ಸರ್ಕಾರ ಕಟ್ಟುತ್ತೆ, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ. 70 ದಾಟಿದ ಎಲ್ರಿಗೂ ಆದಾಯ ನೋಡದೆ 5 ಲಕ್ಷ ಅನ್ನೋ ವಯ ವಂದನಾ ಕಾರ್ಡನ್ನ ಕೇಂದ್ರ ಸರ್ಕಾರ 2024ರ ಅಕ್ಟೋಬರ್ 29ಕ್ಕೆ ಶುರು ಮಾಡ್ತು, ಆದ್ರೆ ಇಲ್ಲಿ ಇವೆಲ್ಲಾ ನಡೆಸೋದು ರಾಜ್ಯ ಸರ್ಕಾರದ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟು, ಹಂಗಾಗಿ ವಾಟ್ಸಾಪ್ ಫಾರ್ವರ್ಡ್ ನಂಬ್ಕೊಂಡು ಹೋಗ್ಬೇಡಿ, ಆಧಾರ್, ರೇಷನ್ ಕಾರ್ಡ್ ತಗೊಂಡು ಸರ್ಕಾರಿ ಆಸ್ಪತ್ರೆ ಆರೋಗ್ಯಮಿತ್ರರ ಹತ್ರ 'ನಮ್ಮಪ್ಪನ ಹೆಸರಲ್ಲಿ ಯಾವುದು ನಡಿಯುತ್ತೆ' ಅಂತ ಕೇಳಿ. ಆಯುಷ್ಮಾನ್ ಸಹಾಯವಾಣಿ 14555ಕ್ಕೂ ಫೋನ್ ಮಾಡಬಹುದು.

ಆದ್ರೆ ನನ್ನ ಕೇಳಿದ್ರೆ ನೀವು ಕಾರ್ಡಿಂದ ಶುರು ಮಾಡಿರೋದೇ ತಪ್ಪು. ಮಂಡ್ಯದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಮಿಮ್ಸ್‌ನಲ್ಲಿ ಮನೋವೈದ್ಯ ವಿಭಾಗ ಇದೆ, ಮೈಸೂರಲ್ಲಿ ಕೆ.ಆರ್. ಆಸ್ಪತ್ರೆಲಿ ಇದೆ. ತಾಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಅಂತ ಮಂಗಳವಾರದ ಕ್ಲಿನಿಕ್ ಇರುತ್ತೆ, ಮನೋವೈದ್ಯರು ಬರ್ತಾರೆ. ಇವ್ಯಾವಕ್ಕೂ ಇನ್ಶೂರೆನ್ಸ್ ಬೇಕಿಲ್ಲ. ನಾನು ಈಗ್ಲೂ ಅರ್ಧ ದಿನ ರಜ ಹಾಕಿ ಅಪ್ಪನ್ನ ಮಂಗಳವಾರ ಕರ್ಕೊಂಡು ಹೋಗ್ತೀನಿ. ನಂಗೆ ಆಗಿರೋ ಖರ್ಚೆಲ್ಲಾ ಆಟೋ, ಮಾತ್ರೆ, ಆಮೇಲೆ ಬರ್ತಾ ಅವ್ರಿಗೊಂದು ಮದ್ದೂರು ವಡೆ, ಅದಿಲ್ದೆ ಆಟೋ ಹತ್ತಲ್ಲ.

ರಿಹ್ಯಾಬ್ ಅಂತೀರಲ್ಲ, ನಾನೂ ಒಂದು ನೋಡ್ಕೊಂಡು ಬಂದೆ, ಊರಾಚೆ, ತಿಂಗಳಿಗೆ 15 ಸಾವಿರ, ನಾವೇ ವ್ಯಾನ್ ತಂದು ಎತ್ತಾಕ್ಕೊಂಡು ಹೋಗ್ತೀವಿ ಅಂದ್ರು. ಗ್ರಿಲ್ ಹಾಕಿದ್ದ ಒಂದು ಹಾಲು, ನಲವತ್ತು ಜನ, ಡಾಕ್ಟ್ರು ಎಲ್ಲಿ ಅಂದ್ರೆ 'ಬರ್ತಾರೆ ಸಾರ್'. ವಾಪಸ್ ಬಂದೆ. ನಿಮಗೆ ಅಂಥ ಜಾಗಕ್ಕೇ ಸೇರಿಸ್ಬೇಕು ಅನ್ಸಿದ್ರೆ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ರಿಜಿಸ್ಟ್ರೇಷನ್ ತೋರ್ಸಿ ಅಂತ ಕೇಳಿ, ರಾತ್ರಿ ಡಾಕ್ಟ್ರು ಇರ್ತಾರಾ ಕೇಳಿ. ಊರಲ್ಲಿ ಧರ್ಮಸ್ಥಳದೋರ ಮದ್ಯವರ್ಜನ ಶಿಬಿರಕ್ಕೆ ಹಾಕು ಅಂತ ಎಲ್ರೂ ಹೇಳ್ತಾರೆ, ನಮ್ಮೂರಲ್ಲೇ ಅದ್ರಿಂದ ಬಿಟ್ಟೋರು ಇದಾರೆ, ಆದ್ರೆ 72ರ ವಯಸ್ಸಲ್ಲಿ ಮೊದ್ಲು ಡಾಕ್ಟ್ರು, ಆಮೇಲೆ ಶಿಬಿರ. ಇನ್ನು ಯಾರಿಗೂ ಗೊತ್ತಾಗ್ದಂಗೆ ಸಾರಿಗೆ ಹಾಕೋ ಪುಡಿ, ಮಾತ್ರೆ ಅಂತ ಗೋಡೆ ಮೇಲೆಲ್ಲಾ ಬರ್ದಿರ್ತಾರಲ್ಲ, ದಯವಿಟ್ಟು ಬೇಡ. ಕುಡಿತ ಬಿಡ್ಸೋ ಮಾತ್ರೆಗಳಲ್ಲಿ ಕೆಲವು ತಗೊಂಡ್ಮೇಲೆ ಕುಡಿದ್ರೆ ಬಿಪಿ ಇಳಿದು ಎದೆ ಹೊಡ್ಕೊಂಡು ವಯಸ್ಸಾದೋರ ಪ್ರಾಣಕ್ಕೇ ಅಪಾಯ ಆಗಬಹುದು. ಮನೇಲಿ ಬಾಗಿಲು ಹಾಕಿ ನಾಲ್ಕು ದಿನ ಕೂಡಾಕಿದ್ರೆ ಬಿಟ್ಬಿಡ್ತಾರೆ ಅನ್ನೋ ಚಿಕ್ಕಪ್ಪ ಒಬ್ರು ಪ್ರತಿ ಮನೇಲೂ ಇರ್ತಾರೆ, ಅವ್ರ ಮಾತಂತೂ ಕೇಳ್ಲೇಬೇಡಿ, ಮೇಲೆ ನಾಲ್ಕು ದಿನದ ಕತೆನೇ ಹೇಳಿದ್ನಲ್ಲ.

ಅಪ್ಪ ಪೂರ್ತಿ ಬಿಟ್ರಾ ಅಂದ್ರೆ, ಹದಿನಾಲ್ಕು ತಿಂಗಳು ಮುಟ್ಲಿಲ್ಲ, ಆಮೇಲೆ ಒಂದು ತಿಥಿ ಊಟದಲ್ಲಿ ಯಾರೋ ಕೊಟ್ರು, ಮತ್ತೆ ಶುರು, ಮತ್ತೆ ಆಸ್ಪತ್ರೆ. ಆ ಸಲ ಅಡ್ಮಿಷನ್ ಕೌಂಟರಲ್ಲಿ ನಾನು ಬಾಯಿ ಬಿಡೋಕೆ ಮುಂಚೆ ಅಪ್ಪನೇ 'ನಾನು ಕುಡೀತೀನಿ ಕಣವ್ವ, ಬರ್ಕೋ' ಅಂದ್ರು ಆ ನರ್ಸಮ್ಮಂಗೆ. ಏಳು ದಿನಕ್ಕೆ ಏನೂ ಆಗ್ದೆ ಮನೆಗೆ ಬಂದ್ರು.

ಹೋಗೋಕೆ ಮುಂಚೆ ಒಂದು ಚೀಟಿ ಬರ್ಕೊಳ್ಳಿ. ದಿನಕ್ಕೆ ಎಷ್ಟು, ಏನು, ಎಷ್ಟು ವರ್ಷದಿಂದ, ಕೊನೇ ಸಲ ಕುಡಿದಿದ್ದು ಎಷ್ಟೊತ್ತಿಗೆ, ಹಿಂದೆ ಬಿಟ್ಟಾಗ ಕೈ ನಡುಗಿತ್ತಾ, ಫಿಟ್ಸ್ ಬಂದಿತ್ತಾ, ಬೇರೆ ಏನು ಮಾತ್ರೆ ತಗೋತಾರೆ. ರಾತ್ರಿ ಹೊತ್ತು ಏನು ಮಾಡ್ಬೇಕು ಗೊತ್ತಾಗ್ದಿದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡ್ತಾರೆ. ಆದ್ರೆ ಇರುವೆ ಹೆಕ್ಕೋಕೆ ಶುರು ಮಾಡಿದ್ರೆ ಫೋನ್ ಮಾಡ್ತಾ ಕೂರ್ಬೇಡಿ, 108 ಕರೆಸಿ ಸೀದಾ ಎಮರ್ಜೆನ್ಸಿಗೆ. ಆ ಚೀಟಿನ ಇಲ್ಲಿ ಕಾಮೆಂಟಲ್ಲಿ ಹಾಕ್ಬೇಡಿ, ಡಾಕ್ಟ್ರ ಕೈಗೆ ಕೊಡಿ.