"ಏನೂ ತಿನ್ನುವುದಿಲ್ಲ" ಎಂಬ ದೂರು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಎರಡೂವರೆ ವರ್ಷದ ಗಂಡುಮಗುವಿನೊಂದಿಗೆ ತಾಯಿ ಮತ್ತು ಅಜ್ಜಿ ಮಗುವಿನ ಊಟದ ಬಗ್ಗೆ ಸಲಹೆ ಕೇಳಲು ನನ್ನ ಬಳಿ ಬಂದಿದ್ದರು. "ಇವನು ಏನೂ ತಿನ್ನುವುದಿಲ್ಲ" ಎಂದೇ ತಾಯಿ ಮಾತು ಆರಂಭಿಸಿದರು. ಮೊಬೈಲಿನಲ್ಲಿ ಹಾಡು ಹಾಕಿ, ಬಟ್ಟಲು ಹಿಡಿದು ಮನೆಯೆಲ್ಲ ಬೆನ್ನಟ್ಟಿದರೂ ಒಂದು ಊಟ ಮುಗಿಯಲು ಒಂದೂವರೆ ಗಂಟೆ ಬೇಕಾಗುತ್ತಿತ್ತಂತೆ. ಸೊಸೆಗೆ ತಿನ್ನಿಸುವ ತಾಳ್ಮೆಯಿಲ್ಲ ಎಂಬುದು ಅಜ್ಜಿಯ ಅಭಿಪ್ರಾಯ. ಇದೇ ಮಗು ಅಂಗನವಾಡಿಯಲ್ಲಿ ತಾನಾಗಿಯೇ ತಿನ್ನುತ್ತದೆ ಎಂಬ ಸಂಗತಿಯನ್ನು ಇಬ್ಬರೂ ಕೊನೆಯಲ್ಲಿ, ತೀರಾ ಮುಖ್ಯವಲ್ಲದ್ದೆಂಬಂತೆ ಹೇಳಿದರು.

ಮಗುವಿನ ತೂಕ 12.4 ಕಿಲೋ ಇತ್ತು. ವಿಶ್ವ ಆರೋಗ್ಯ ಸಂಸ್ಥೆಯ 2006ರ ಮಾನದಂಡದಂತೆ ಈ ವಯಸ್ಸಿನ ಗಂಡುಮಕ್ಕಳ ಮಧ್ಯಮ ತೂಕ 13.3 ಕಿಲೋ; 10.5ಕ್ಕಿಂತ ಕೆಳಗಿಳಿದರೆ ಅದನ್ನು ಕಡಿಮೆ ತೂಕವೆಂದು ಪರಿಗಣಿಸುತ್ತಾರೆ. 'ತಾಯಿ ಕಾರ್ಡ್' ಎಂಬ ತಾಯಿ-ಮಗುವಿನ ಆರೋಗ್ಯ ದಾಖಲೆಯಲ್ಲಿನ ಬೆಳವಣಿಗೆಯ ಗೆರೆಯೂ ಎಲ್ಲಿಯೂ ಕುಸಿದಿರಲಿಲ್ಲ. ಆದರೂ ನಕ್ಷೆ ತೋರಿಸಿದ ಮಾತ್ರಕ್ಕೆ ತಾಯಿಗೆ ಸಮಾಧಾನವಾಗಲಿಲ್ಲ. ಮಗು ಒಂಬತ್ತು ತಿಂಗಳಿದ್ದಾಗ ವಾಂತಿಭೇದಿಯಿಂದ ಆಸ್ಪತ್ರೆ ಸೇರಿತ್ತೆಂದೂ, ಅಂದಿನಿಂದ ಬಟ್ಟಲಲ್ಲಿ ಉಳಿದ ಪ್ರತಿಯೊಂದು ತುತ್ತೂ ತನ್ನನ್ನು ಹೆದರಿಸುತ್ತದೆಂದೂ ಆಕೆ ಎರಡನೆಯ ಭೇಟಿಯಲ್ಲಿ ಹೇಳಿಕೊಂಡರು. ಆಕೆ ಅಳೆಯುತ್ತಿದ್ದದ್ದು ಮಗುವಿನ ಹಸಿವನ್ನಲ್ಲ, ತನ್ನ ಭಯವನ್ನು ಎಂದು ನನಗೆ ಅನ್ನಿಸಿದ್ದು ಆಗಲೇ.

ಮೂರು ದಿನ ಮಗುವಿನ ಬಾಯಿಗೆ ಹೋದದ್ದನ್ನೆಲ್ಲ ಬರೆದಿಡಲು ಕೇಳಿದ್ದೆ. ದಿನಕ್ಕೆ ನಾಲ್ಕು ಲೋಟ, ಅಂದರೆ ಸುಮಾರು 800 ಮಿಲಿಲೀಟರ್ ಹಾಲು, ಜೊತೆಗೆ ಏಳೆಂಟು ಬಿಸ್ಕತ್ತು, ಬಾಳೆಹಣ್ಣು. ಅಜ್ಜಿಯ ಲೆಕ್ಕದಲ್ಲಿ ಇವು ಯಾವುವೂ ಊಟವಲ್ಲ. ಹೊಟ್ಟೆಯಲ್ಲಿ ಹಾಲು ತುಂಬಿರುವಾಗ ಮುದ್ದೆಗೆ ಜಾಗವೆಲ್ಲಿ? ಮೊದಲ ವರ್ಷದಲ್ಲಿ ಜನನದ ತೂಕದ ಮೂರರಷ್ಟಾಗುವ ಮಗು ಎರಡನೆಯ ವರ್ಷ ದಾಟಿದ ಮೇಲೆ ವರ್ಷಕ್ಕೆ ಸುಮಾರು ಎರಡು ಕಿಲೋ ಮಾತ್ರ ಹೆಚ್ಚುವುದರಿಂದ, ಹಸಿವು ತಗ್ಗುವುದು ಸಹಜವೆಂದೂ ವಿವರಿಸಿದೆ.

ಹಾಲನ್ನು ಅರ್ಧ ಲೀಟರಿನೊಳಗೆ ಇಳಿಸಿ, ಅದನ್ನು ಊಟವಾದ ಮೇಲೆ ಕೊಡಲು ಸೂಚಿಸಿದೆ. ಏನನ್ನು, ಯಾವಾಗ ಬಡಿಸಬೇಕೆಂಬುದು ದೊಡ್ಡವರ ನಿರ್ಧಾರ, ಎಷ್ಟು ತಿನ್ನಬೇಕೆಂಬುದು ಮಗುವಿನ ನಿರ್ಧಾರ ಎಂಬ ಒಪ್ಪಂದಕ್ಕೆ ಬಂದೆವು. ಅರ್ಧ ಗಂಟೆಯಾದೊಡನೆ ತಟ್ಟೆ ಎತ್ತಿಡುವುದು, ಊಟದ ಹೊತ್ತಿಗೆ ಮೊಬೈಲ್ ಬೇಡವೆನ್ನುವುದು, ಹೊಸ ಪಲ್ಯವನ್ನು ಹತ್ತು ಬಾರಿ ಬೇಡವೆಂದರೂ ಒತ್ತಾಯವಿಲ್ಲದೆ ಚಿಟಿಕೆಯಷ್ಟು ಬಡಿಸುವುದು ಅದರಲ್ಲಿದ್ದವು. ಹಸಿವಿನ ಟಾನಿಕ್ ಬೇಕೆಂಬ ಅಜ್ಜಿಯ ಬೇಡಿಕೆಗೆ ನಾನು ಒಪ್ಪಲಿಲ್ಲ. ಆದರೆ ಅತಿಯಾದ ಹಾಲಿನಿಂದ ಕಬ್ಬಿಣಾಂಶದ ಕೊರತೆಯಾಗಬಹುದಾದ್ದರಿಂದ ರಕ್ತಪರೀಕ್ಷೆಗಾಗಿ ಮಕ್ಕಳ ವೈದ್ಯರ ಬಳಿ ಕಳುಹಿಸಿದೆ. ನುಂಗುವಾಗ ಕೆಮ್ಮುವುದು, ಬೆಳವಣಿಗೆಯ ಗೆರೆ ಕುಸಿಯುವುದು ಕಂಡಿದ್ದರೆ ನನ್ನ ಸಲಹೆಗಿಂತ ಮೊದಲು ವೈದ್ಯರ ತಪಾಸಣೆಯೇ ಆಗಬೇಕಿತ್ತು.

ಮೊದಲ ವಾರ ಮಗು ಎರಡು ರಾತ್ರಿ ಊಟ ಬಿಟ್ಟಿತು. ತಾಯಿ ಅಳುತ್ತಾ ಫೋನ್ ಮಾಡಿದರು. ಆರನೆಯ ವಾರದ ಹೊತ್ತಿಗೆ ಊಟ ಇಪ್ಪತ್ತೈದು ನಿಮಿಷಕ್ಕೆ ಮುಗಿಯುತ್ತಿತ್ತು, ತಿನ್ನುವ ಪ್ರಮಾಣ ಮಾತ್ರ ಹೆಚ್ಚೇನೂ ಬದಲಾಗಿರಲಿಲ್ಲ. ಈ ಬಾರಿ ತಾಯಿ, "ಅರ್ಧ ಮುದ್ದೆ ತಿನ್ನುತ್ತಾನೆ" ಎಂದರು. ಅಜ್ಜಿ ಸಂಜೆಯ ಬಿಸ್ಕತ್ತನ್ನು ಬಿಟ್ಟುಕೊಡಲಿಲ್ಲ. ನಾಲ್ಕು ಗಂಟೆಗೆ ಎರಡೇ ಎರಡು ಎಂದು ನಿಗದಿಪಡಿಸಿಕೊಂಡೆವು.