ಹಳೆಯ ಹೊಲಿಗೆ ಯಂತ್ರದಲ್ಲಿ ಕೌದಿಯ ಜೋಡಣೆ: ಯಾವ ಫೂಟ್ ಸರಿ?

ಪ್ರಶ್ನೆ: ನಮ್ಮ ಅತ್ತೆಯವರು ಬಳಸುತ್ತಿದ್ದ ಸಿಂಗರ್ 15ಕೆ ಯಂತ್ರ ಈಗ ನನ್ನ ಬಳಿ ಇದೆ. ನೇರ ಹೊಲಿಗೆ ಮಾತ್ರ ಬರುತ್ತದೆ, ಆದರೆ ಚೆನ್ನಾಗಿ ನಡೆಯುತ್ತದೆ. ಉಡಿ ತುಂಬಿದಾಗ ಬಂದ ಕಣಗಳನ್ನೂ ಹಳೆಯ ಇಳಕಲ್ ಸೀರೆಗಳನ್ನೂ ಚೌಕವಾಗಿ ಕತ್ತರಿಸಿ ಕೌದಿ ಹೊಲಿಯುತ್ತಿದ್ದೇನೆ. ಎಷ್ಟೇ ಅಳೆದು ಕತ್ತರಿಸಿದರೂ ಸಾಲಿಗೆ ಸಾಲು ಜೋಡಿಸುವಾಗ ಮೂಲೆಗಳು ಕೂಡುವುದಿಲ್ಲ, ಒಂದು ಸಾಲು ಇನ್ನೊಂದಕ್ಕಿಂತ ಗಿಡ್ಡವಾಗುತ್ತದೆ. ಆನ್‌ಲೈನಿನಲ್ಲಿ ಅಂಚಿನಿಂದ ಕಾಲು ಇಂಚು ಬಿಟ್ಟು ಹೊಲಿಯಲು ನೆರವಾಗುವ ಕಾಲು ಇಂಚಿನ ಫೂಟ್ (ಸೂಜಿಯ ಬಳಿ ಬಟ್ಟೆಯನ್ನು ಒತ್ತಿ ಹಿಡಿಯುವ ಪಾದ) ತರಿಸಿ ಹಾಕಿದೆ, ಈಗ ಬಟ್ಟೆ ನೇರವಾಗಿ ಹೋಗದೆ ಓರೆಯಾಗುತ್ತಿದೆ. ಯಾವ ಫೂಟ್ ಕೊಳ್ಳಬೇಕು?
— ಓದುಗರೊಬ್ಬರು, ಆಳಂದ

ಉತ್ತರ: ನಿಮ್ಮ ಪತ್ರದಲ್ಲಿಯೇ ಒಂದು ಮುಖ್ಯ ಸುಳಿವಿದೆ. ಎಲ್ಲ ಹೊಲಿಗೆಗಳೂ ಒಂದೇ ಅಳತೆಯಲ್ಲಿ ತಪ್ಪಿದ್ದರೆ ಎಲ್ಲ ಸಾಲುಗಳೂ ಒಂದೇ ಸಮ ಗಿಡ್ಡವಾಗುತ್ತಿದ್ದವು, ಮೂಲೆಗಳು ಆಗಲೂ ಕೂಡುತ್ತಿದ್ದವು. ಒಂದು ಸಾಲು ಮಾತ್ರ ಗಿಡ್ಡವಾಗುತ್ತಿದೆ ಎಂದರೆ ಹೊಲಿಗೆಯು ಅಂಚಿನಿಂದ ಒಂದೇ ದೂರದಲ್ಲಿ ನಡೆಯದೆ ಒಮ್ಮೆ ಒಳಗೆ, ಒಮ್ಮೆ ಹೊರಗೆ ಸರಿಯುತ್ತಿದೆ. ಅರ್ಧ ಸೂತು, ಅಂದರೆ ಇಂಚಿನ 1/16 ಭಾಗ, ಒಳಗೆ ಬಿದ್ದ ಹೊಲಿಗೆಯು ಎರಡೂ ತುಂಡುಗಳಿಂದ ಅಷ್ಟಷ್ಟನ್ನು ನುಂಗುವುದರಿಂದ ಒಂದು ಜೋಡಣೆಗೆ ಒಂದು ಸೂತು ಹೋಗುತ್ತದೆ. 8 ಚೌಕಗಳ ಸಾಲಿನಲ್ಲಿ 7 ಜೋಡಣೆಗಳಿರುವುದರಿಂದ 7 ಸೂತು, ಹೆಚ್ಚುಕಡಿಮೆ ಒಂದು ಇಂಚು, ಕೈಬಿಟ್ಟುಹೋಗುತ್ತದೆ.

ಹೊಸ ಫೂಟ್ ಹಾಕಿದ ಮೇಲೆ ಬಟ್ಟೆ ಓರೆಯಾಗುವುದಕ್ಕೆ ಕಾರಣ ಬೇರೆ. ಆ ಫೂಟ್‌ಗಳನ್ನು ಈಗಿನ ಜಿಗ್‌ಜಾಗ್ ಯಂತ್ರಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿರುತ್ತಾರೆ. ಅವುಗಳಲ್ಲಿ ಬಟ್ಟೆಯನ್ನು ಹಿಂದಕ್ಕೆ ಒಯ್ಯುವ ಹಲ್ಲುಗಳು ಅಗಲವಾಗಿ ಹರಡಿರುತ್ತವೆ. ನಿಮ್ಮ ಅತ್ತೆಯವರ ಯಂತ್ರದಲ್ಲಿ ಆ ಹಲ್ಲುಗಳು ಸೂಜಿಗೆ ಒತ್ತಾಗಿ, ಕಿರಿದಾಗಿವೆ. ಅಗಲವಾದ ಫೂಟ್‌ನ ಬಲಗಾಲು ಹಲ್ಲನ್ನು ದಾಟಿ ಬರಿಯ ತಗಡಿನ ಮೇಲೆ ಕುಳಿತರೆ, ಅಲ್ಲಿ ಬಟ್ಟೆಯನ್ನು ಒತ್ತಿ ಹಿಡಿಯುವುದಷ್ಟೇ ನಡೆಯುತ್ತದೆ, ಎಳೆಯುವುದು ನಡೆಯುವುದಿಲ್ಲ. ಒಂದು ಬದಿ ಮುಂದೆ ಸಾಗಿ ಇನ್ನೊಂದು ಬದಿ ಹಿಂದೆ ಬಿದ್ದಾಗ ಬಟ್ಟೆ ತಿರುಗಲೇಬೇಕು. ಇದನ್ನು ನೀವೇ ನೋಡಬಹುದು: ಬಟ್ಟೆ ಹಾಕದೆ ಫೂಟ್ ಇಳಿಸಿ, ಚಕ್ರವನ್ನು ಕೈಯಿಂದ ನಿಧಾನವಾಗಿ ತಿರುಗಿಸಿ ಹಲ್ಲುಗಳು ಮೇಲೆದ್ದಾಗ ಮುಂದಿನಿಂದ ಬಗ್ಗಿ ನೋಡಿರಿ. ಹಲ್ಲಿನ ಎರಡೂ ಸಾಲುಗಳು ಫೂಟ್‌ನ ಎರಡೂ ಕಾಲುಗಳಿಗೆ ಪೂರ್ತಿಯಾಗಿ ತಾಗುತ್ತಿದ್ದರೆ ಆ ಫೂಟ್ ನಿಮ್ಮ ಯಂತ್ರಕ್ಕೆ ಒಪ್ಪುತ್ತದೆ. ಇಲ್ಲವಾದರೆ ಅದರ ಅಂಚು ಎಷ್ಟೇ ಕರಾರುವಾಕ್ಕಾಗಿ ಕಾಲು ಇಂಚಿದ್ದರೂ ಪ್ರಯೋಜನವಿಲ್ಲ.

ಆದ್ದರಿಂದ ನನ್ನ ಸಲಹೆ ಹೀಗಿದೆ. ಯಂತ್ರದ ಜೊತೆಗೇ ಬಂದ ಕಿರಿದಾದ, ಕೀಲು (ಹಿಂಜ್) ಇರುವ ಹಳೆಯ ಫೂಟ್ ಅನ್ನೇ ಮತ್ತೆ ಹಾಕಿರಿ. ಅದು ಆ ಹಲ್ಲುಗಳಿಗೆಂದೇ ಮಾಡಿದ್ದು, ದಪ್ಪವಾದ ಜೋಡಣೆಯ ಮೇಲೆ ಹತ್ತಿ ಇಳಿಯುವಾಗಲೂ ಹಿಡಿತ ಬಿಡುವುದಿಲ್ಲ. ಅದರ ಬಲ ಅಂಚು ಸೂಜಿಯಿಂದ ಕಾಲು ಇಂಚು ದೂರದಲ್ಲಿರುವುದಿಲ್ಲ ಎಂಬುದು ನಿಜ. ಆದರೆ ಅಳತೆಯನ್ನು ಕಾಯುವ ಕೆಲಸವನ್ನು ಫೂಟ್‌ಗೆ ಏಕೆ ಒಪ್ಪಿಸಬೇಕು? ಸೂಜಿ ತಟ್ಟೆಯ ಬಲಗಡೆ, ಯಂತ್ರದ ಹಾಸಿನ ಮೇಲೆ, ಸಣ್ಣ ತಿರುಪಿನ ತೂತುಗಳಿವೆಯೇ ನೋಡಿರಿ. ಅವು ಬಟ್ಟೆಯ ಅಂಚನ್ನು ತಾಗಿಸಿ ನಡೆಸುವ ಕ್ಲಾತ್ ಗೈಡ್ ಎಂಬ ಸಣ್ಣ ಕಬ್ಬಿಣದ ಪಟ್ಟಿಯನ್ನು ಕೂರಿಸುವುದಕ್ಕಾಗಿಯೇ ಇರುವಂಥವು. ಗೈಡನ್ನು ಅದರದೇ ತಿರುಪಿನೊಂದಿಗೆ ಕೊಳ್ಳಿರಿ; ಸಿಂಗರ್ ಯಂತ್ರದ ತೂತಿನ ಮರೆ (ಒಳಗಿನ ಸುರುಳಿ ಗೆರೆ) ಸಾಮಾನ್ಯ ತಿರುಪುಗಳಿಗೆ ಹೊಂದುವುದಿಲ್ಲ, ಬಲವಂತವಾಗಿ ತಿರುಗಿಸಿದರೆ ಹಾಳಾಗುತ್ತದೆ. ತೂತುಗಳಿಲ್ಲದಿದ್ದರೆ ಅಯಸ್ಕಾಂತದ ಗೈಡ್ ಸಾಕು, ಎರಕದ ಕಬ್ಬಿಣದ ಹಾಸಿಗೆ ಅದು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ.

ಗೈಡನ್ನು ಕೂರಿಸಲು ಮಕ್ಕಳು ಶಾಲೆಯಲ್ಲಿ ಬಳಸುವ ಗ್ರಾಫ್ ಹಾಳೆಗಿಂತ ಒಳ್ಳೆಯ ಅಳತೆಗೋಲಿಲ್ಲ. ಹಾಳೆಯನ್ನು ಒಂದು ದಪ್ಪ ಗೆರೆಯ ಮೇಲೆಯೇ ನೇರವಾಗಿ ಕತ್ತರಿಸಿ, ಕತ್ತರಿಸಿದ ಅಂಚು ಬಲಕ್ಕೆ ಬರುವಂತೆ ಫೂಟ್‌ನ ಕೆಳಗಿಡಿರಿ. ಅಂಚಿನಿಂದ 6ನೆಯ ಸಣ್ಣ ಗೆರೆಯ ಮೇಲೆ, ಅಂದರೆ 6 ಮಿಲಿಮೀಟರ್ ದೂರದಲ್ಲಿ, ಸೂಜಿಯ ತುದಿ ಚುಚ್ಚುವಂತೆ ಚಕ್ರವನ್ನು ಕೈಯಿಂದ ತಿರುಗಿಸಿರಿ. ಗೆರೆಗಳು ಫೂಟ್‌ಗೆ ಸಮಾನಾಂತರವಾಗಿವೆಯೇ ಎಂದು ನೋಡಿ ಫೂಟ್ ಇಳಿಸಿರಿ. ಆಮೇಲೆ ಗೈಡನ್ನು ಕಾಗದದ ಅಂಚಿಗೆ ಮುಟ್ಟುವ ಹಾಗೆ ಸರಿಸಿ ತಿರುಪನ್ನು ಬಿಗಿ ಮಾಡಿರಿ. ಕಾಲು ಇಂಚು ಎಂದರೆ 6.35 ಮಿಲಿಮೀಟರ್, ನಾವು ಕೂರಿಸಿದ್ದು ಅದಕ್ಕಿಂತ ಒಂದು ಎಳೆಯಷ್ಟು ಕಡಿಮೆ. ಬೇಕೆಂದೇ ಹಾಗೆ ಮಾಡುವುದು, ಏಕೆಂದರೆ ಹೊಲಿದ ಮೇಲೆ ಬಟ್ಟೆಯನ್ನು ಒಂದು ಬದಿಗೆ ಮಡಿಸಿ ಇಸ್ತ್ರಿ ಮಾಡಿದಾಗ ಆ ಮಡಿಕೆಯ ದಪ್ಪವೇ ಉಳಿದದ್ದನ್ನು ತೆಗೆದುಕೊಳ್ಳುತ್ತದೆ.

ಪರೀಕ್ಷೆ ಮಾಡದೆ ಕೌದಿಯ ಬಟ್ಟೆಗೆ ಕೈ ಹಾಕಬೇಡಿರಿ. ಒಂದೂವರೆ ಇಂಚು ಅಗಲದ 3 ಪಟ್ಟಿಗಳನ್ನು ಕತ್ತರಿಸಿ, ಉದ್ದನೆಯ ಅಂಚುಗಳನ್ನು ಜೋಡಿಸಿ ಹೊಲಿದು, ಎಳೆದಾಡದೆ ಮೇಲಿನಿಂದ ಒತ್ತಿ ಇಸ್ತ್ರಿ ಮಾಡಿರಿ. ನಡುವಿನ ಪಟ್ಟಿ ಸರಿಯಾಗಿ 1 ಇಂಚು, ಮೂರೂ ಸೇರಿ ಮೂರೂವರೆ ಇಂಚು ಇರಬೇಕು. ನಡುವಿನದು ಕಿರಿದಾಗಿದ್ದರೆ ಗೈಡನ್ನು ಕೂದಲೆಳೆಯಷ್ಟು ಸೂಜಿಯ ಕಡೆಗೆ, ಅಗಲವಾಗಿದ್ದರೆ ಆಚೆಗೆ ಸರಿಸಿರಿ. ತುದಿಯಿಂದ ತುದಿಗೆ ಅಗಲ ಬದಲಾಗುತ್ತಿದ್ದರೆ ಗೈಡಿನ ತಪ್ಪಲ್ಲ: ಫೂಟ್‌ನ ತಿರುಪು ಸಡಿಲವಾಗಿದೆಯೇ, ಸೂಜಿ ಫೂಟ್‌ನ ಸೀಳಿನ ನಡುವೆಯೇ ಇಳಿಯುತ್ತದೆಯೇ ನೋಡಿರಿ. ಫೂಟ್ ಹಿಡಿದಿರುವ ಕಂಬಿಯೇ ತಿರುಚಿಕೊಂಡಿದ್ದರೆ ಮಿಸ್ತ್ರಿಗೆ ತೋರಿಸುವುದು ಒಳ್ಳೆಯದು.

ಬಟ್ಟೆಯ ಬಗ್ಗೆ ಒಂದು ಮಾತು. ಕಣವೂ ತೊಳೆದು ತೊಳೆದು ಮೆದುವಾದ ಇಳಕಲ್ ಸೀರೆಯೂ ಒಂದೇ ಬಿಗಿಯಲ್ಲಿ ನಡೆಯುವುದಿಲ್ಲ. ಹಲ್ಲುಗಳು ಕೆಳಗಿನ ಪದರವನ್ನು ಎಳೆಯುತ್ತವೆ, ಫೂಟ್ ಮೇಲಿನದನ್ನು ತಡೆಯುತ್ತದೆ. ಹಳೆಯ ಸೀರೆಯ ಬಟ್ಟೆಗೆ ತೆಳುವಾದ ಗಂಜಿ ಹಾಕಿ ಒಣಗಿಸಿ ಆಮೇಲೆ ಕತ್ತರಿಸಿರಿ, ಫೂಟ್‌ನ ಕಂಬಿಯ ತಲೆಯ ಮೇಲಿರುವ ತಿರುಪನ್ನು ತುಸು ಸಡಿಲಿಸಿ ಒತ್ತಡ ಕಡಿಮೆ ಮಾಡಿರಿ. ಫೂಟ್ ಬದಲಿಸುವುದಕ್ಕಿಂತ ಇದರಿಂದಲೇ ಹೆಚ್ಚು ಗುಣ ಕಾಣುವವರಿದ್ದಾರೆ.

ಇಷ್ಟಾದರೂ ಕಾಲು ಇಂಚಿನ ಫೂಟ್ ಬೇಕೆನಿಸಿದರೆ, ತಿರುಪಿನಿಂದ ನೇರವಾಗಿ ಕೂರುವ, ಕಿರಿದಾದದ್ದನ್ನೇ ಕೇಳಿರಿ. ಅಡಾಪ್ಟರ್ ಹಾಕಿ ಕ್ಲಿಪ್ಪಿನಂತೆ ಸಿಕ್ಕಿಸುವ ಫೂಟ್‌ಗಳು ತುಸು ಅಲುಗಾಡುತ್ತವೆ, ಈ ಕೆಲಸದಲ್ಲಿ ಆ ಅಲುಗಾಟವೂ ಹೆಚ್ಚೇ. 15ಕೆ ಯಂತ್ರಕ್ಕೆ ಲೋ ಶ್ಯಾಂಕ್, ಅಂದರೆ ಕಂಬಿಗೆ ಬಿಗಿಯುವ ಹಿಡಿ ಗಿಡ್ಡವಾಗಿರುವ, ಫೂಟ್ ಬೇಕು: ಇಳಿಸಿದ ಫೂಟ್‌ನ ತಳದಿಂದ ಅದನ್ನು ಹಿಡಿದಿರುವ ತಿರುಪಿನ ನಡುವಿಗೆ ಸುಮಾರು ಮುಕ್ಕಾಲು ಇಂಚು ಅಥವಾ ಅದಕ್ಕೂ ಕಡಿಮೆ ಎತ್ತರ. ಟೇಲರ್ ಅಂಗಡಿಗಳ ದೊಡ್ಡ ಯಂತ್ರಗಳ ಹೈ ಶ್ಯಾಂಕ್ ಫೂಟ್ ಇದಕ್ಕೆ ಕೂರುವುದಿಲ್ಲ, 1952ರಲ್ಲಿ ಬಂದ ಸಿಂಗರ್ 301ರ ಓರೆ ಶ್ಯಾಂಕ್ ಫೂಟ್ ಕೂಡ ಕೂರುವುದಿಲ್ಲ. ಅಂಗಡಿಗೆ ಹೋಗುವಾಗ ಹಳೆಯ ಫೂಟ್ ಅನ್ನು ಬಿಚ್ಚಿ ಜೊತೆಗೊಯ್ಯಿರಿ.

ಪ್ರಶ್ನೆ: ನಮ್ಮದು ಸಿಂಗರ್ 66. ಫೂಟ್‌ನ ತಿರುಪು ಪಕ್ಕದಲ್ಲಿಲ್ಲ, ಹಿಂದುಗಡೆ ಇದೆ. ಬಜಾರಿನಲ್ಲಿ ಯಾವ ಫೂಟ್ ತಂದರೂ ಕೂರುತ್ತಿಲ್ಲ.
— ಓದುಗರೊಬ್ಬರು, ಭಾಲ್ಕಿ

ಉತ್ತರ: ಅಮೆರಿಕದಲ್ಲಿ ತಯಾರಾದ ಹಳೆಯ 66ರ ಕೆಲವು ಯಂತ್ರಗಳಲ್ಲಿ ಫೂಟ್ ಅನ್ನು ಹಿಂದಿನಿಂದ ಬಿಗಿಯುವ ವ್ಯವಸ್ಥೆಯಿದೆ. ಪಕ್ಕದಿಂದ ಬಿಗಿಯುವ ಈಗಿನ ಫೂಟ್‌ಗಳು ಅದಕ್ಕೆ ಹೊಂದುವುದಿಲ್ಲ, ಆದ್ದರಿಂದ ಅವುಗಳ ಮೇಲೆ ಹಣ ಹಾಕಬೇಡಿರಿ, ಉಕ್ಕನ್ನು ಉಜ್ಜಿ ಕೂರಿಸುವ ಪ್ರಯತ್ನವನ್ನೂ ಮಾಡಬೇಡಿರಿ. ಇರುವ ಫೂಟ್ ಅನ್ನು ಜೋಪಾನವಾಗಿಟ್ಟುಕೊಂಡು, ಮೇಲೆ ಹೇಳಿದಂತೆ ಹಾಸಿನ ಗೈಡ್ ಕೂರಿಸಿದರೆ ನಿಮ್ಮ ಯಂತ್ರದಲ್ಲಿಯೂ ಕಾಲು ಇಂಚಿನ ಹೊಲಿಗೆ ಅಷ್ಟೇ ಸರಿಯಾಗಿ ಬರುತ್ತದೆ.

ಪ್ರಶ್ನೆ: ಬಲಬದಿಗೆ ತಗಡಿನ ತಡೆಯಿರುವ ಕಾಲು ಇಂಚಿನ ಫೂಟ್ ನನ್ನ ಹಳೆಯ ಯಂತ್ರಕ್ಕೆ ಚೆನ್ನಾಗಿ ಕೂರುತ್ತದೆ. ತ್ರಿಕೋನಗಳನ್ನು ಜೋಡಿಸಲು ಅದನ್ನೇ ಬಳಸಬಹುದೇ?
— ಓದುಗರೊಬ್ಬರು, ಸುರಪುರ

ಉತ್ತರ: ಉದ್ದನೆಯ ನೇರ ಪಟ್ಟಿಗಳಿಗೆ ಅದು ಬಹಳ ಒಳ್ಳೆಯದು. ತ್ರಿಕೋನಗಳಿಗೆ ನಾನು ಅದನ್ನು ಸೂಚಿಸುವುದಿಲ್ಲ, ಏಕೆಂದರೆ ಓರೆಯಾಗಿ ಕತ್ತರಿಸಿದ ಅಂಚು ಹಿಗ್ಗುವ ಸ್ವಭಾವದ್ದು; ಅದನ್ನು ತಗಡಿಗೆ ಒತ್ತಿ ಹಿಡಿದು ಹೊಲಿದರೆ ಅಂಚು ಅಲೆಯಲೆಯಾಗುತ್ತದೆ. ಅಡ್ಡಲಾಗಿ ಚುಚ್ಚಿದ ಗುಂಡುಪಿನ್ನುಗಳೂ ಆ ತಗಡಿಗೆ ತಡೆಯುತ್ತವೆ. ತಡೆಯಿಲ್ಲದ ಫೂಟ್ ಹಾಕಿ, ಹೊಲಿಗೆಯ ಗೆರೆಯನ್ನು ಪೆನ್ಸಿಲ್ಲಿನಿಂದ ಬಟ್ಟೆಯ ಹಿಂಬದಿಗೆ ಎಳೆದುಕೊಂಡು ಅದರ ಮೇಲೆಯೇ ಹೊಲಿಯಿರಿ. ನೇರ ಹೊಲಿಗೆಯ ಹಳೆಯ ಯಂತ್ರಗಳ ಸೂಜಿ ತಟ್ಟೆಯಲ್ಲಿ ದುಂಡನೆಯ ಸಣ್ಣ ತೂತು ಮಾತ್ರ ಇರುವುದರಿಂದ ತ್ರಿಕೋನದ ಚೂಪು ತುದಿ ಕೆಳಕ್ಕೆ ಸಿಕ್ಕಿಬೀಳುವುದು ಕಡಿಮೆ. ಆದರೂ ಮೊದಲು ಒಂದು ಚಿಂದಿಯ ಮೇಲೆ ನಾಲ್ಕು ಹೊಲಿಗೆ ಹಾಕಿ, ದಾರ ಕತ್ತರಿಸದೆ ತ್ರಿಕೋನವನ್ನು ಅದರ ಬೆನ್ನಿಗೇ ಫೂಟ್‌ನ ಕೆಳಗೆ ಸೇರಿಸಿರಿ.