ಸರ್ವರ್‌ಗೆ ಡೊಮೈನ್ ಕಂಟ್ರೋಲರ್ (ಡೊಮೈನ್ ಅಂದರೆ ಕಚೇರಿಯ ಯಂತ್ರಗಳ ಕೂಟ, ಅದರ ಲಾಗಿನ್‌ಗಳನ್ನು ನೋಡಿಕೊಳ್ಳುವ ಮುಖ್ಯ ಸರ್ವರ್) ಸಿಗುತ್ತಿಲ್ಲ. ಡೊಮೈನ್‌ನಿಂದ ತೆಗೆದು ಮತ್ತೆ ಸೇರಿಸಲಾ, ವಿಂಡೋಸ್ ಹೊಸದಾಗಿ ಹಾಕಲಾ?

ಎರಡೂ ಬೇಡ ಮಾರಾಯ್ರೆ. ಕಂಟ್ರೋಲರ್‌ನ ಐಪಿ ವಿಳಾಸಕ್ಕೆ ಪಿಂಗ್ ("ಇದ್ದೀಯಾ" ಅಂತ ಕೇಳುವ ಸಂದೇಶ) ಹೋಗಿ ಬರುತ್ತಿದೆ, ಡೊಮೈನ್ ಮಾತ್ರ ಸಿಗುತ್ತಿಲ್ಲ ಅಂತ ಬರೆದಿದ್ದೀರಲ್ಲ, ಓದಿದ ಕೂಡಲೇ ತೀರ್ಥಹಳ್ಳಿ ಕಡೆಯ ಒಂದು ಸೊಸೈಟಿಯ ಹಿಂದಿನ ಕೋಣೆ ನೆನಪಾಯಿತು.

ಪುಷ್ಯ ಮಳೆ ಹಿಡಿದಿದ್ದ ದಿನಗಳು. ಡೊಮೈನ್ ಕಂಟ್ರೋಲರ್ ಇದ್ದದ್ದು ಶಿವಮೊಗ್ಗದಲ್ಲಿ, ಬಿಲ್ಲಿಂಗ್ ಸರ್ವರ್ ಈ ಶಾಖೆಯಲ್ಲಿ, ನಡುವೆ ವಿಪಿಎನ್, ಅಂದರೆ ಇಂಟರ್ನೆಟ್ ಮೇಲೆ ಹಾಕಿದ ಖಾಸಗಿ ದಾರಿ. ಗಾಜನೂರು, ಮಂಡಗದ್ದೆ ದಾಟಿ ಬಸ್ಸಿನಲ್ಲಿ ಹೋಗಿ ಇಳಿಯುವಷ್ಟರಲ್ಲಿ ಮಳೆ ಹೊಳವಾಗಿತ್ತು. ಹೊಳವು ಅಂದರೆ ಅಡಿಕೆಗೆ ಔಷಧಿ ಹೊಡೆಯುವ ಹೊತ್ತು, ಕೊಳೆ ರೋಗ ಯಾರಿಗೂ ಕಾಯುವುದಿಲ್ಲ. ಮೈಲುತುತ್ತ, ಸುಣ್ಣ ಒಯ್ಯಲು ಜೀಪುಗಳು ಸಾಲಾಗಿ ನಿಂತಿವೆ. ಬಿಲ್ ಬರುತ್ತಿಲ್ಲ.

ಸರ್ವರ್ ಮುಂದೆ ಕೂತರೆ ನನ್ನ ಡೊಮೈನ್ ಲಾಗಿನ್ ಸಲೀಸಾಗಿ ಆಯಿತು. ಹಳೆಯ ಲಾಗಿನ್‌ಗಳನ್ನು ವಿಂಡೋಸ್ ನೆನಪಿಟ್ಟುಕೊಂಡಿರುತ್ತದೆ, ಅದೇ ಧೈರ್ಯ ಕೊಟ್ಟಿತು. ನೀವು ಈಗ ಯೋಚಿಸುತ್ತಿರುವುದನ್ನೇ ಮಾಡಿದೆ. ಡೊಮೈನ್‌ನಿಂದ ತೆಗೆದು ವರ್ಕ್‌ಗ್ರೂಪ್‌ಗೆ (ಕಂಟ್ರೋಲರ್ ಇಲ್ಲದ ಬಿಡಿ ಗುಂಪು) ಹಾಕಿದೆ. ಲೋಕಲ್ ಅಡ್ಮಿನ್, ಅಂದರೆ ಆ ಯಂತ್ರದ್ದೇ ಆದ ಅಡ್ಮಿನ್ ಖಾತೆಯ ಪಾಸ್‌ವರ್ಡ್ ಗೊತ್ತಿರಬೇಕು ಅಂತ ಎಚ್ಚರಿಕೆ ಬಂತು. ಓದದೆ ಓಕೆ ಒತ್ತಿದೆ. ರೀಸ್ಟಾರ್ಟ್ ಆದ ಮೇಲೆ ಒಳಗೆ ಹೋಗಲು ನನಗೂ ದಾರಿ ಇಲ್ಲ! ಆ ಪಾಸ್‌ವರ್ಡ್ ಇಟ್ಟವರು ಕೆಲಸ ಬಿಟ್ಟು ಬೆಂಗಳೂರಿಗೆ ಹೋಗಿದ್ದರು, ಫೋನ್ ಸ್ವಿಚ್ ಆಫ್. ಸಾಲಿನಲ್ಲಿದ್ದ ಹಿರಿಯರೊಬ್ಬರು, "ಕೈಯಲ್ಲೇ ಬರ್ಕೊಡಾ ತಮ್ಮಾ, ಮಳೆ ನಿನ್ನ ಕಂಪ್ಯೂಟ್ರು ನೋಡ್ಕಂಡು ಬರಲ್ಲ" ಅಂದರು. ಬರೆದುಕೊಟ್ಟೆವು.

ರಾತ್ರಿ ಎಂಟಕ್ಕೆ ಪಾಸ್‌ವರ್ಡ್ ಸಿಕ್ಕಿತು. ಮತ್ತೆ ಡೊಮೈನ್‌ಗೆ ಸೇರಿಸಲು ಹೋದರೆ ಅದೇ ಎರರ್. ಸೇರಿಸುವುದಕ್ಕೂ ಕಂಟ್ರೋಲರ್ ಸಿಗಬೇಕಲ್ವಾ? ಈ ಸಣ್ಣ ವಿಷಯ ಹೊಳೆಯಲು ನನಗೆ ಒಂದು ಹಗಲು ಬೇಕಾಯಿತು.

ತಪ್ಪು ನನ್ನದೇ, ಅದೂ ಆರು ತಿಂಗಳು ಹಳೆಯದು. ಸರ್ವರ್‌ನಲ್ಲಿ ಮೊದಲ ಡಿಎನ್‌ಎಸ್ (ಹೆಸರು ಕೇಳಿದರೆ ಐಪಿ ವಿಳಾಸ ಹೇಳುವ ಸೇವೆ) ಆಗಿ ಕಂಟ್ರೋಲರ್ ಐಪಿ ಹಾಕಿ, ಎರಡನೆಯದಾಗಿ "ಇರಲಿ, ಸೇಫ್ಟಿಗೆ" ಅಂತ ಗೂಗಲ್‌ನ 8.8.8.8 ಹಾಕಿದ್ದೆ. ಮೊದಲನೆಯದು ಕೈಕೊಟ್ಟರೆ ಎರಡನೆಯದು ಕಾಯುತ್ತದೆ ಅಂದುಕೊಂಡಿದ್ದೆ. ಹಾಗಲ್ಲ. ಕಂಟ್ರೋಲರ್ ಎಲ್ಲಿದೆ ಅಂತ ಸರ್ವರ್ ಕೇಳುವುದು ಡಿಎನ್‌ಎಸ್‌ನ ಎಸ್‌ಆರ್‌ವಿ ರೆಕಾರ್ಡ್ (ಯಾವ ಸೇವೆ ಯಾವ ಯಂತ್ರದಲ್ಲಿದೆ ಅನ್ನುವ ನಮೂದು) ಮೂಲಕ. ನಮ್ಮ ಒಳಗಿನ ಡೊಮೈನ್ ಹೆಸರು ಗೂಗಲ್‌ಗೆ ಎಲ್ಲಿಂದ ಗೊತ್ತು? ಮಳೆಗೆ ವಿಪಿಎನ್ ಕಡಿದಾಗಲೆಲ್ಲ ಸರ್ವರ್ 8.8.8.8 ಅನ್ನು ಕೇಳುತ್ತಿತ್ತು. ಅದು "ಅಂಥ ಹೆಸರೇ ಇಲ್ಲ" ಅನ್ನುತ್ತಿತ್ತು. ಉತ್ತರವೇ ಬಾರದಿದ್ದರೆ ವಿಂಡೋಸ್ ಇನ್ನೊಬ್ಬರನ್ನು ಕೇಳುತ್ತದೆ. "ಇಲ್ಲ" ಅಂತ ಬಂದರೆ ಅದೂ ಉತ್ತರವೇ, ಅಲ್ಲಿಗೆ ಮುಗಿಯಿತು. ಆಮೇಲೆ ವಿಪಿಎನ್ ಬಂದರೂ ವಿಂಡೋಸ್ ಸ್ವಲ್ಪ ಹೊತ್ತು ಉತ್ತರ ಕೊಟ್ಟವರನ್ನೇ ಕೇಳುತ್ತಾ ಕೂರುತ್ತಿತ್ತು. ಪಿಂಗ್ ಐಪಿಗೆ ಹೋಗುವುದರಿಂದ ಡಿಎನ್‌ಎಸ್ ತಂಟೆಗೇ ಹೋಗುವುದಿಲ್ಲ, ಅದಕ್ಕೇ ನಿಮಗೂ ಎಲ್ಲ ಸರಿ ಇದ್ದ ಹಾಗೆ ಕಾಣುತ್ತಿದೆ.

8.8.8.8 ತೆಗೆದು, ಐಪಿಕಾನ್ಫಿಗ್ ಫ್ಲಶ್‌ಡಿಎನ್‌ಎಸ್ (ipconfig /flushdns, ನೆನಪಿಟ್ಟ ಹಳೆಯ ಉತ್ತರ ಅಳಿಸುವ ಕಮಾಂಡ್) ಹೊಡೆದು ಡೊಮೈನ್‌ಗೆ ಸೇರಿಸಿದೆ. ಎರಡು ನಿಮಿಷದ ಕೆಲಸ.

ಡೊಮೈನ್‌ನಲ್ಲಿರುವ ಯಾವ ಯಂತ್ರಕ್ಕೂ ಹೊರಗಿನ ಡಿಎನ್‌ಎಸ್ ಹಾಕಬಾರದು, ಇದರಲ್ಲಿ ನನ್ನ ಹತ್ತಿರ ವಾದವೇ ಬೇಡ. ಎರಡನೆಯದು ಬೇಕಿದ್ದರೆ ಎರಡನೇ ಡೊಮೈನ್ ಕಂಟ್ರೋಲರ್ ಇಡಿ. ಹೊರಗಿನ ಹೆಸರುಗಳಿಗೆ ಕಂಟ್ರೋಲರ್‌ನ ಡಿಎನ್‌ಎಸ್‌ನಲ್ಲೇ ಫಾರ್ವರ್ಡರ್ (ತನಗೆ ಗೊತ್ತಿಲ್ಲದ ಹೆಸರನ್ನು ಹೊರಗೆ ಕೇಳುವ ವ್ಯವಸ್ಥೆ) ಇದೆ, ಗೂಗಲ್ ಅಲ್ಲಿರಲಿ. ಡಿಎನ್‌ಎಸ್ ಸರಿ ಇದ್ದೂ ಆಗದಿದ್ದರೆ ಗಡಿಯಾರ ನೋಡಿ. ಕಂಟ್ರೋಲರ್‌ಗೂ ಸರ್ವರ್‌ಗೂ 5 ನಿಮಿಷಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಲಾಗಿನ್ ಪರಿಶೀಲಿಸುವ ಕರ್ಬರೋಸ್ ಒಪ್ಪುವುದಿಲ್ಲ. ಪದೇ ಪದೇ ಕರೆಂಟ್ ಹೋಗುವ ಕಡೆ ಮದರ್‌ಬೋರ್ಡ್ ಸೆಲ್ ಸತ್ತಿದ್ದರೆ ಟೈಮ್ ಹಿಂದೆ ಹೋಗಿಬಿಡುತ್ತದೆ. ಟ್ರಸ್ಟ್ ರಿಲೇಶನ್‌ಶಿಪ್ ಫೇಲ್ (ಯಂತ್ರಕ್ಕೂ ಡೊಮೈನ್‌ಗೂ ನಡುವಿನ ನಂಬಿಕೆ ಕಡಿದಿದೆ) ಅಂತ ಬಂದರೆ ಅದು ಬೇರೆ ಕಾಯಿಲೆ. ಅದಕ್ಕೂ ಪವರ್‌ಶೆಲ್‌ನಲ್ಲಿ ಸೆಕ್ಯೂರ್ ಚಾನೆಲ್ ರಿಪೇರಿ ಮಾಡುವ ಕಮಾಂಡ್ ಇದೆ, ಸುಮ್ನೆ ಡೊಮೈನ್‌ನಿಂದ ಕೀಳಬೇಡಿ.

ಐಪಿಕಾನ್ಫಿಗ್ ಆಲ್ (ipconfig /all) ಹೊಡೆದು ಡಿಎನ್‌ಎಸ್ ಸಾಲಿನಲ್ಲಿ ಏನೇನಿದೆ ಅಂತ ಕೆಳಗೆ ಬರೆಯಿರಿ. ಲೋಕಲ್ ಅಡ್ಮಿನ್ ಪಾಸ್‌ವರ್ಡ್ ಯಾರ ಹತ್ತಿರ ಇದೆ ಅಂತಲೂ ಈಗಲೇ ಕೇಳಿಕೊಳ್ಳಿ. ಆ ದಿನದ ಕೈಬಿಲ್ಲುಗಳನ್ನೆಲ್ಲ ಕಂಪ್ಯೂಟರಿಗೆ ತುಂಬಿಸಿದ್ದು ನಾನೇ, ಒದ್ದೆ ಕಾಗದದ ಅಕ್ಷರ ಬಿಡಿಸಿಕೊಂಡು, ಎರಡು ರಾತ್ರಿ.